ದಾನವೂ ವಿವೇಕವೂ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ದಾನ ಮಾಡಿರೆಂದು ನಿಮಗೆ ಉಪದೇಶಿಸುವ ಅಗತ್ಯವಿಲ್ಲ. ಈ ದೇವಾಲಯವೇ ನಿಮ್ಮ ಹಿರಿಯರ ಔದಾರ್ಯಕ್ಕೆ ಸಾಕ್ಷಿಯಾಗಿ ನಿಂತಿದೆ. ತಿಂಗಳು ತಿಂಗಳೂ ತಪ್ಪದೆ ಕೊಡಬಯಸುವವನು ಸತ್ಪಾತ್ರರನ್ನು ಹೇಗೆ ಆರಿಸಬೇಕು ಎಂಬ ಒಂದೇ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮನಸ್ಸು ಕರಗಿದಾಗ ಕೊಡುವುದು ಒಂದು ಬಗೆ. ಗೊತ್ತುಮಾಡಿಕೊಂಡು ಕೊಡುವುದು ಇನ್ನೊಂದು ಬಗೆ. ಹಬ್ಬದ ದಿನ ಅನಾಥಾಲಯಕ್ಕೆ ಸಿಹಿಯೂಟ ಕಳುಹಿಸುವವರು ಬಹಳ. ಜೂನ್ ತಿಂಗಳ ಶಾಲಾಶುಲ್ಕವನ್ನು, ಅಡುಗೆಯವರ ಸಂಬಳವನ್ನು ನೆನೆಯುವವರು ವಿರಳ. ತಿಕೋಟಾ ಅಥವಾ ಬಬಲೇಶ್ವರ ಕಡೆಯ ಕೂಲಿ ಕುಟುಂಬವೊಂದು ಗುಳೆ ಹೋಗುವಾಗ ಮಗುವನ್ನು ವಿಜಯಪುರದ ವಸತಿನಿಲಯದಲ್ಲಿ ಬಿಟ್ಟು ಹೋಯಿತೆನ್ನಿ. ಆ ಮಗುವಿಗೆ ವರ್ಷದ ಅಷ್ಟೂ ತಿಂಗಳು ಆಸರೆ ಬೇಕು. ಎರಡು ತಿಂಗಳು ಬಂದ ನೆರವು ಮೂರನೆಯ ತಿಂಗಳಲ್ಲಿ ನಿಂತರೆ, ಪಾಟಿಚೀಲ ಮೂಲೆಗೆ ಬಿದ್ದು ಆ ಮಗು ಕಬ್ಬು ಕಡಿಯುವ ತಂದೆತಾಯಿಯರ ಹಿಂದೆ ನಡೆದುಬಿಡುತ್ತದೆ. ಆದುದರಿಂದ ದೊಡ್ಡ ಮೊತ್ತಕ್ಕಿಂತ ತಪ್ಪದ ಮೊತ್ತ ಮೇಲು. ತಿಂಗಳಿಗೆ 300 ರೂಪಾಯಿ ಕೊಡುವ ಹತ್ತು ಮನೆಗಳಿಂದ ವರ್ಷಕ್ಕೆ 36,000 ರೂಪಾಯಿ ಕೂಡುತ್ತದೆ.

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 16ನೆಯ ಅಧ್ಯಾಯದಲ್ಲಿ, ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕೆಂದು ವಿಧಿಸುತ್ತಾರೆ. ಎರಡನೆಯ ಪತ್ರದಲ್ಲಿ, ಈ ನಿಧಿಯ ವಿಷಯವಾಗಿ ಯಾರೂ ತಪ್ಪೆಣಿಸಬಾರದೆಂದು ತೀತನೊಡನೆ, ಸಭೆಗಳು ಚುನಾಯಿಸಿದ ಸಹೋದರನನ್ನೂ ಕಳುಹಿಸುವುದಾಗಿ ತಿಳಿಸುತ್ತಾರೆ. ಪ್ರೇಷಿತರೇ ಲೆಕ್ಕಕ್ಕೆ ಅಷ್ಟು ಎಚ್ಚರ ವಹಿಸಿದ ಮೇಲೆ, ಲೆಕ್ಕ ಕೇಳಲು ನಾವು ಸಂಕೋಚಪಡಬೇಕೇ?

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಮೊದಲನೆಯದಾಗಿ, ಕೊಡುವ ಮುನ್ನ ಹೋಗಿ ನೋಡಿರಿ. ತಿಕೋಟಾ, ಬಬಲೇಶ್ವರ ನಮಗೆ ದೂರವಲ್ಲ. ಯಾರೂ ಎದುರುನೋಡದ ಒಂದು ದಿನ ಹೋಗಿ ಅಡುಗೆಮನೆಯನ್ನೂ ರೋಗಿಯ ಹಾಸಿಗೆಯನ್ನೂ ಕಂಡರೆ, ಅಂದವಾದ ವರದಿ ಹೇಳದಿರುವುದು ತಿಳಿಯುತ್ತದೆ. ಎರಡನೆಯದಾಗಿ, ಸಂಸ್ಥೆ ನೋಂದಾಯಿತವೇ, ಪ್ರತಿವರ್ಷ ಲೆಕ್ಕಪರಿಶೋಧನೆ ನಡೆಯುತ್ತದೆಯೇ ಎಂದು ವಿಚಾರಿಸಿರಿ. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿಯೂ ದೊರೆಯದು. ಮೂರನೆಯದಾಗಿ, ಕೈನೀಡಿದವನ ಮಾನವನ್ನು ಸಂಸ್ಥೆ ಕಾಯುತ್ತದೆಯೇ ನೋಡಿರಿ. ಜಾತಿಮತ ಕೇಳಿ ಅನ್ನವಿಡುವ ಕಡೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಾನಿಯೊಡನೆ ಛಾಯಾಚಿತ್ರ ತೆಗೆಸುವ ಕಡೆ ನಿಮ್ಮ ಕೈ ಹಿಂಜರಿಯಲಿ.

ಹಲವರ ಅಲ್ಪ ಕಾಣಿಕೆ ಒಂದೆಡೆ ನಿಂತರೆ ಏನಾದೀತೆಂಬುದನ್ನು ನಮ್ಮ ನಗರವೇ ಬಲ್ಲದು. 1876–78ರ ಭೀಕರ ಬರವನ್ನು ಕಂಡ ಈ ಸೀಮೆಯಲ್ಲಿ, ವಚನ ಸಾಹಿತ್ಯದ ಉದ್ಧಾರಕರಾದ ಡಾ. ಫ. ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಲು ಮುಂದಾದರು. ಬರದ ದಿನದ ಗಂಜಿ ಅಂದಿನ ಜೀವವನ್ನು ಉಳಿಸುತ್ತದೆ. ನೆಲೆನಿಂತ ಶಾಲೆ ಮುಂದಿನ ತಲೆಮಾರನ್ನು ಉಳಿಸುತ್ತದೆ. ಎರಡೂ ಬೇಕು. 2019ರಲ್ಲಿ ಕೃಷ್ಣೆ ಉಕ್ಕಿ ಊರುಗಳು ಮುಳುಗಿದಂತಹ ಆಪತ್ತಿಗಾಗಿ ಒಂದು ಪಾಲನ್ನು ಬೇರೆಯಾಗಿ ತೆಗೆದಿಡಿರಿ. ಆದರೆ ಅದಕ್ಕಾಗಿ ಮಾಸಿಕ ಪಾಲನ್ನು ಮುಟ್ಟಬೇಡಿರಿ.

ಕೊನೆಯದಾಗಿ, ಹತ್ತು ಕಡೆ ಹಂಚಿ ಯಾವುದನ್ನೂ ಅರಿಯದಿರುವುದಕ್ಕಿಂತ ಎರಡು ಕಡೆ ಕೊಟ್ಟು ಎರಡನ್ನೂ ಚೆನ್ನಾಗಿ ಅರಿಯುವುದು ಲೇಸು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಬಡವರ ಮನೆಗೆ ತಾವೇ ಹೋಗುತ್ತಾರೆ. ತಮ್ಮ ಕೂಟದಲ್ಲಿ ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಗುಪ್ತ ಚೀಲವನ್ನು ಸಾಗಿಸುತ್ತಾರೆ. ಕೊಡುವವನ ಹೆಸರು ಮರೆಯಲ್ಲಿರಲಿ, ಕೊಟ್ಟ ಹಣದ ಲೆಕ್ಕ ಬೆಳಕಿನಲ್ಲಿರಲಿ. ಬರುವ ಭಾನುವಾರ ಮನೆಮಂದಿಯೆಲ್ಲ ಕುಳಿತು, ಮಕ್ಕಳನ್ನೂ ಕೂಡಿಸಿಕೊಂಡು, ನಿಮ್ಮ ಮನೆಯ ಪಾಲು ಎಷ್ಟು, ಅದು ಯಾರಿಗೆ ಎಂಬುದನ್ನು ನಿಶ್ಚಯಿಸಿರೆಂದು ಬೇಡಿಕೊಂಡು ನನ್ನ ಮಾತುಗಳನ್ನು ಮುಗಿಸುತ್ತೇನೆ.