ಬೀಜ ನಮ್ಮದು, ಯಂತ್ರವೂ ನಮ್ಮದಾಗಲಿ
(ವಾರ್ಷಿಕ ಸಹಾಯಾರ್ಥ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ನಾವು ಇಲ್ಲಿ ಸೇರಿ, ಊರಿನವರಿಗಾಗಿ ನಮ್ಮ ಕೈಲಾದಷ್ಟು ಹಣ ಕೂಡಿಸುತ್ತೇವೆ. ಪುಸ್ತಕಕ್ಕೆ, ಔಷಧಿಗೆ ಕೊಡುವುದು ಬಹಳ ಒಳ್ಳೆಯ ಕೆಲಸ, ಅದು ನಿಲ್ಲಬಾರದು. ಆದರೆ ಊರಿನಲ್ಲಿ ದುಡಿಮೆಯೇ ಇಲ್ಲದಿದ್ದರೆ ಓದಿದ ಮಕ್ಕಳು ನಮ್ಮ ಹಾಗೆಯೇ ವಿಮಾನ ಹತ್ತುತ್ತಾರೆ; ಮನೆಯಲ್ಲಿ ವಯಸ್ಸಾದ ತಂದೆತಾಯಿ ಮಾತ್ರ ಉಳಿಯುತ್ತಾರೆ. ಈ ನೋವು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದ್ದರಿಂದ ಉತ್ಪಾದನೆಯನ್ನು ಊರಿಗೆ ಮರಳಿ ತರುವ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯವರಿಗೆ ಕ್ಯಾಂಪ್ಕೋ ಚಿರಪರಿಚಿತ. ಇಲ್ಲೇ ಹುಟ್ಟಿದ ಮಕ್ಕಳಿಗಾಗಿ ಅದರ ಕಥೆ ಹೇಳುತ್ತೇವೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಈ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಮುಂದೆ ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ಕೋಕೋಗೂ ಅದೇ ಗತಿ ಬಂತು. 1980ರ ಹೊತ್ತಿಗೆ ಕೊಳ್ಳುವವರು ಹಿಂದೆ ಸರಿದರು. ಹಸಿ ಬೀಜವೋ, ಬೆಲೆ ಏರುವವರೆಗೆ ಕಾಯುವಂಥದ್ದಲ್ಲ. ಕ್ಯಾಂಪ್ಕೋ ಅದನ್ನು ಕೊಂಡು, ಹುದುಗಿಸಿ, ಒಣಗಿಸಿ ಹೊರದೇಶಕ್ಕೂ ಕಳುಹಿಸಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು.

ಬೀಜವನ್ನು ಹುರಿಯಬೇಕು, ಸಿಪ್ಪೆ ತೆಗೆಯಬೇಕು, ಅರೆಯಬೇಕು, ಬೆಣ್ಣೆ ಹಿಂಡಬೇಕು, ಗಂಟೆಗಟ್ಟಲೆ ನಾದಬೇಕು, ಹದವಾಗಿ ತಣಿಸಬೇಕು. ಹಂತ ಹಂತಕ್ಕೂ ಒಂದು ಯಂತ್ರ! ಎಕರೆ ತೋಟದವರು ಇವುಗಳಲ್ಲಿ ಒಂದನ್ನೂ ಕೊಳ್ಳಲಾರರು. ಕೊಂಡರೂ ವರ್ಷಕ್ಕೆ ಎಷ್ಟು ದಿನ ಓಡಿಸಿಯಾರು? ಇಂದು ಒಂದು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಕ್ಯಾಂಪ್ಕೋದಲ್ಲಿ ಆ ಯಂತ್ರಗಳಿಗೆ ಬೆಳೆಗಾರರೇ ಒಡೆಯರು. ಹೊರಗೆ ಹೋಗಿ ಬಣ್ಣದ ಕಾಗದ ಸುತ್ತಿಕೊಂಡು ಮರಳುತ್ತಿದ್ದ ಬೀಜ ಈಗ ಪುತ್ತೂರಿನಲ್ಲೇ ಚಾಕೊಲೇಟ್ ಆಗುತ್ತಿದೆ.

ನಾವಿರುವ ಮಲೇಷ್ಯಾವನ್ನೇ ನೋಡೋಣ. 1990ರ ಸುಮಾರಿಗೆ ಇಲ್ಲಿ ವರ್ಷಕ್ಕೆ ಎರಡು ಲಕ್ಷ ಟನ್ನಿಗೂ ಹೆಚ್ಚು ಕೋಕೋ ಬೆಳೆಯುತ್ತಿದ್ದರು. ಕಾಯಿಕೊರಕದ ಕಾಟ, ಕುಸಿದ ಬೆಲೆ, ತಾಳೆಯ ಆಕರ್ಷಣೆಯಿಂದ ಆ ತೋಟಗಳು ಬಹುಪಾಲು ಮಾಯವಾದವು. ಕಾರ್ಖಾನೆಗಳು ಮಾತ್ರ ಹೊರದೇಶಗಳ ಬೀಜ ತರಿಸಿಕೊಂಡು ಇಂದಿಗೂ ಅರೆಯುತ್ತಿವೆ. ಬೆಳೆ ಹೋದರೂ ಯಂತ್ರವಿದ್ದಲ್ಲಿ ಕೆಲಸ ಉಳಿಯಿತು. ಆದರೆ ಗಿಡ ಕಡಿದ ಸಣ್ಣ ರೈತನಿಗೆ ಆ ಯಂತ್ರದಲ್ಲಿ ಪಾಲೆಲ್ಲಿದೆ?

ಪಾಲು ಪಡೆದವರ ಕಥೆಯೂ ಇದೇ ನೆಲದಲ್ಲಿದೆ. ಬ್ರಿಟಿಷರ ರಬ್ಬರ್ ತೋಟಗಳು ತುಂಡು ತುಂಡಾಗಿ ಮಾರಾಟವಾಗಿ, ಭಾರತೀಯ ಕೂಲಿಗಳು ಕೆಲಸದ ಜೊತೆಗೆ ಸೂರನ್ನೂ ಕಳೆದುಕೊಳ್ಳುತ್ತಿದ್ದ ಕಾಲ. 1960ರಲ್ಲಿ ವಿ. ಟಿ. ಸಂಬಂಧನ್ ಅವರು ರಾಷ್ಟ್ರೀಯ ಭೂ ಹಣಕಾಸು ಸಹಕಾರ ಸಂಘವನ್ನು ಸ್ಥಾಪಿಸಿದರು. ಕೂಲಿಗಳೇ ಸಣ್ಣ ಕಂತುಗಳಲ್ಲಿ ಷೇರು ಕಟ್ಟಿದರು. ಆ ಹಣದಿಂದ ಸಂಘ ತೋಟಗಳನ್ನೇ ಕೊಂಡಿತು. ಹನಿ ಹನಿಗೂಡಿದರೆ ಹಳ್ಳ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ಒಂದು ಎಚ್ಚರಿಕೆ. ಎಲ್ಲರದೂ ಎಂದ ವಸ್ತು ಯಾರದೂ ಅಲ್ಲದಂತಾಗುವ ಅಪಾಯವಿದೆ. ದಾನವಾಗಿ ಬಂದ ಯಂತ್ರದ ಬೇರಿಂಗ್ ಸವೆದರೆ ಜನ ದಾನಿಯ ದಾರಿ ಕಾಯುತ್ತಾರೆ. ತಮ್ಮ ಷೇರಿನ ಯಂತ್ರ ನಿಂತರೆ ಮರುದಿನವೇ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಯಂತ್ರ ನಿಂತ ದಿನ ಯಾರ ಬೆಳೆ ಕೊಳೆಯುತ್ತದೆಯೋ ಅವರೇ ಅದರ ಒಡೆಯರಾಗಬೇಕು.

ಆದ್ದರಿಂದ ನಮ್ಮ ಮನವಿ ಇಷ್ಟೇ. ಈ ನಿಧಿಯ ಒಂದು ಪಾಲನ್ನು ಊರಿನ ಸಹಕಾರ ಗುಂಪುಗಳ ಯಂತ್ರಗಳಿಗಾಗಿ ತೆಗೆದಿಡೋಣ. ಎಣ್ಣೆಯ ಗಾಣವಾಗಲಿ, ಮೆಣಸು ಒಣಗಿಸುವ ಯಂತ್ರವಾಗಲಿ, ಅರ್ಧ ಹಣ ನಾವು ಕೊಡೋಣ. ಉಳಿದರ್ಧ ಬಳಸುವವರೇ ಕಂತಿನಲ್ಲಿ ಕಟ್ಟಲಿ. ಒಬ್ಬರಿಗೆ ಒಂದೇ ಮತ ಇರಲಿ. ಮೊದಲ ದಿನದಿಂದಲೇ ದುರಸ್ತಿಗೆಂದು ಬೇರೆ ಹುಂಡಿ ಇರಲಿ. ಯಂತ್ರದ ಮೇಲೆ ನಮ್ಮ ಹೆಸರಿನ ಫಲಕ ಬೇಡ. ಒಡೆತನವೂ ನಮಗೆ ಬೇಡ.

ದಾನ ಪಡೆದ ಕೈ ಮುಂದೊಂದು ದಿನ ಸಂಬಳ ಕೊಡುವ ಕೈಯಾದರೆ, ನಮ್ಮ ಈ ಸಂಜೆ ಸಾರ್ಥಕ. ತಾವೆಲ್ಲರೂ ಉದಾರವಾಗಿ ಕೈಜೋಡಿಸಬೇಕೆಂದು ಕೋರುತ್ತೇವೆ.