ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋದ ಬಾಬ್ತು

(ಉಡುಪಿಯಲ್ಲಿ ಮಿಲ್ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಮ್ಯಾನೇಜ್‌ಮೆಂಟ್ ಶಿಕ್ಷಣಕ್ಕೂ ಅಕ್ಕಿ ಮಿಲ್ಲಿನ ಮೂಟೆ ಹೊರುವವನಿಗೂ ಏನು ಸಂಬಂಧ? ಮಣಿಪಾಲದ ಗುಡ್ಡದ ಮೇಲೆ ಕಲಿಸುವ ವಿದ್ಯೆಗೂ, ಪೇಟೆಯ ಓಣಿಯಲ್ಲಿ ಬಾಳೆಹಣ್ಣು ಮಾರುವವನಿಗೂ ಏನು ನಂಟು? ನಂಟು ಇದೆ. ಆ ವಿದ್ಯೆಯ ಬೇರು ನಮ್ಮ ಹಿರಿಯರ ಎರಡಾಣೆಯಲ್ಲಿದೆ. ಅದರ ಫಲ ಮಾತ್ರ ನಮ್ಮ ಅಂಗಳಕ್ಕೆ ಬಿದ್ದದ್ದು ಕಡಿಮೆ. ಇದೇಕೆ ಹೀಗಾಯಿತು, ಇದಕ್ಕೆ ನಾವು ಮಾಡಬೇಕಾದದ್ದೇನು ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ನಮ್ಮ ಮಾಸ್ತರಿಕೆಯ ಕಾಲದ ಒಂದು ಸಂಗತಿ. ಕಾರ್ಕಳದ ಕಡೆಯ ಒಂದು ಶಾಲೆಯಲ್ಲಿ ಲಾಭ-ನಷ್ಟದ ಲೆಕ್ಕ ಹೇಳಿಕೊಡುತ್ತಿದ್ದೆವು. ಕೊಂಡ ಬೆಲೆ ಇಷ್ಟು, ಖರ್ಚು ಇಷ್ಟು, ಮಾರಿದ ಬೆಲೆ ಇಷ್ಟು, ಲಾಭವೆಷ್ಟು? ಮಕ್ಕಳಿಗೆ ಪರಿಚಯದ ವಿಷಯವಾಗಲೆಂದು ಗೇರುಬೀಜದ ಕಾರ್ಖಾನೆಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆದಿದ್ದೆವು. ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು ನಿಂತು, "ಸಾರ್, ಅಮ್ಮನ ಕೈಗೆ ಹಚ್ಚುವ ಎಣ್ಣೆಯ ದುಡ್ಡು ಯಾವ ಖರ್ಚಿಗೆ ಸೇರುತ್ತದೆ?" ಎಂದು ಕೇಳಿದಳು. ಅವಳ ತಾಯಿ ಬೀಜ ಒಡೆಯುವ ಕೆಲಸದವಳು. ಗೇರುಬೀಜದ ಸಿಪ್ಪೆಯ ರಸ ತಾಗಿದರೆ ಚರ್ಮ ಸುಡುತ್ತದೆಂಬುದು ನಿಮಗೆಲ್ಲ ಗೊತ್ತು. ಅದರಿಂದ ಕೈ ಉಳಿಸಿಕೊಳ್ಳಲು ಆ ತಾಯಿ ತನ್ನ ಕೂಲಿಯ ದುಡ್ಡಿನಿಂದಲೇ ಎಣ್ಣೆ ತರುತ್ತಿದ್ದಳು. ನಾವು ಬರೆದ ಲೆಕ್ಕದಲ್ಲಿ ಆ ಬಾಬ್ತು ಇರಲಿಲ್ಲ. ನಮಗೆ ಉತ್ತರ ಹೊಳೆಯಲಿಲ್ಲ. "ಕೊಟ್ಟ ಲೆಕ್ಕವನ್ನಷ್ಟೇ ಮಾಡು" ಎಂದು ಗದರಿಸಿ ಕೂರಿಸಿದೆವು. ಇಂದಿನ ಭಾಷಣ ಆ ಹುಡುಗಿಗೆ ತಡವಾಗಿ ಕೊಡುವ ಉತ್ತರವೆಂದು ತಿಳಿಯಿರಿ.

ಈಗ ಬೇರಿನ ಮಾತಿಗೆ ಬರೋಣ. 1925ರಲ್ಲಿ ಈ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಈ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ. ಅವರಿಗೆ ನೆರವಾಗಬೇಕೆಂಬುದೇ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಬ್ಯಾಂಕಿನ ಮನುಷ್ಯ ದಿನವೂ ಮನೆ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆ ಸಂಗ್ರಹಿಸುವುದು. ಹಳೆಯ ಲೆಕ್ಕದಲ್ಲಿ ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಬಡವನ ಕೈಯಲ್ಲಿ ವರ್ಷದ ಕೊನೆಗೆ ಒಂದು ಗಂಟು. ಇದು ದೊಡ್ಡ ಕೆಲಸ. ದೊಡ್ಡದನ್ನು ದೊಡ್ಡದೆಂದು ಒಪ್ಪಲು ನಮಗೆ ಸಂಕೋಚವಿಲ್ಲ. ಹನಿಗೂಡಿ ಹಳ್ಳವಾಯಿತು. ಸಿಂಡಿಕೇಟ್ ಬ್ಯಾಂಕು ಬೆಳೆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು. ಅದರ ಆಡಳಿತದಲ್ಲಿ ಪಳಗಿದ ಟಿ.ಎ. ಪೈಯವರು ಮುಂದೆ ಕೇಂದ್ರದ ಮಂತ್ರಿಗಳಾದರು. 1980ರಲ್ಲಿ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಅವರ ಹೆಸರಿನಲ್ಲಿಯೇ ನಡೆಯುತ್ತಿರುವ ಟ್ಯಾಪ್ಮಿ ಅದೇ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಹೆಸರಿನ ಇನ್ನೊಂದು ಸಂಸ್ಥೆ ಇದೆ. ಒಂದು ಸಣ್ಣ ಜಿಲ್ಲೆಯಲ್ಲಿ ವ್ಯವಹಾರ ವಿದ್ಯೆಗೆ ಇಷ್ಟು ದೊಡ್ಡ ಮನೆಗಳು ಎದ್ದಿರುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಸಂಗಾತಿಗಳೇ, ಆ ಎರಡಾಣೆಯನ್ನು ಹೊತ್ತು ತಂದವನು ಯಾರು? ಮಳೆಯೆನ್ನದೆ ಬಿಸಿಲೆನ್ನದೆ ಚೀಲ ಹೆಗಲಿಗೇರಿಸಿ ಮನೆಮನೆ ಸುತ್ತಿದ ಪಿಗ್ಮಿ ಸಂಗ್ರಾಹಕ. ಅವನಿಗೆ ದೊರೆತದ್ದು ಕಮಿಷನ್. ಸಂಬಳದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ನೀನು ನೌಕರನಲ್ಲ, ಏಜೆಂಟ್ ಎಂದರು. ಈ ಸಂಗ್ರಾಹಕರು ಹೋರಾಡಿದರು. 1988ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ, ಇವರು ಕಾಯಿದೆಯ ಪ್ರಕಾರ ಕೆಲಸಗಾರರೇ ಎಂದು ತೀರ್ಪಿತ್ತಿತು. ಬ್ಯಾಂಕುಗಳು ಒಪ್ಪಲಿಲ್ಲ. ಕೊನೆಗೆ 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅವರು ಪಡೆಯುವ ಕಮಿಷನ್ನೂ ಸಂಬಳವೇ ಎಂದಿತು. ಗ್ರಾಚ್ಯುಯಿಟಿಯ ಹಕ್ಕು ದೊರೆಯಿತು. ಖಾಯಂ ನೌಕರಿ ಮಾತ್ರ ದೊರೆಯಲಿಲ್ಲ. 1928ರಲ್ಲಿ ನಡೆಯಲು ಆರಂಭಿಸಿದವನು ಕೆಲಸಗಾರನೆಂದು ದೇಶದ ಅತ್ಯುಚ್ಚ ನ್ಯಾಯಾಲಯ ಹೇಳಲು 73 ವರ್ಷ ಬೇಕಾಯಿತು! ಪಿಗ್ಮಿ ಯೋಜನೆಯ ಜಾಣತನವನ್ನು ಪಾಠ ಮಾಡುವವರು ಈ 73 ವರ್ಷಗಳನ್ನೂ ಪಾಠ ಮಾಡಬೇಕು. ಇದೂ ವ್ಯವಹಾರ ವಿದ್ಯೆಯೇ. ಇಷ್ಟರಲ್ಲಿ ಇನ್ನೊಂದು ಮಾತು: ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕು, ಇವೆರಡರ ಹೆಸರೂ 2020ರ ಏಪ್ರಿಲ್ 1ರಂದು ಒಂದೇ ದಿನ ಅಳಿದುಹೋದವು. ಒಂದು ಕೆನರಾ ಬ್ಯಾಂಕಿನಲ್ಲಿ, ಇನ್ನೊಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿ ಇಟ್ಟವರನ್ನಾಗಲಿ, ಸಂಗ್ರಹಿಸಿದವರನ್ನಾಗಲಿ ಯಾರೂ ಕೇಳಲಿಲ್ಲ.

ಈ ವಿದ್ಯೆ ಹುಟ್ಟಿದಂದಿನಿಂದ ಅದರಲ್ಲಿ ಈ ಕುರುಡು ಇದೆ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬಾತ 1911ರಲ್ಲಿ ವೈಜ್ಞಾನಿಕ ಆಡಳಿತದ ಪುಸ್ತಕ ಬರೆದ. ಉಕ್ಕಿನ ಕಾರ್ಖಾನೆಯಲ್ಲಿ ಗಡಿಯಾರ ಹಿಡಿದು ನಿಂತು, ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನಿಂದ 47 ಟನ್ ಹೊರಿಸಿದ್ದನ್ನು ಅದರಲ್ಲಿ ಹೆಮ್ಮೆಯಿಂದ ವರ್ಣಿಸಿದ್ದಾನೆ. ಕೂಲಿಯನ್ನು 1.15 ಡಾಲರಿನಿಂದ 1.85 ಡಾಲರಿಗೆ ಏರಿಸಿದನಂತೆ. ನಮ್ಮ ಐದನೆಯ ತರಗತಿಯ ಹುಡುಗರೂ ಈ ಲೆಕ್ಕ ಮಾಡಬಲ್ಲರು: ಹೊರೆ ಹೆಚ್ಚುಕಡಿಮೆ ನಾಲ್ಕು ಪಾಲಾಯಿತು, ಕೂಲಿ ಎರಡು ಪಾಲೂ ಆಗಲಿಲ್ಲ. ಬೆನ್ನುಮೂಳೆಯ ಬಾಬ್ತು ಆ ಪುಸ್ತಕದಲ್ಲಿ ಎಲ್ಲಿದೆ?

ಈಗ ವಿದ್ಯಾಲಯಗಳಲ್ಲಿ ಹೊಸದೊಂದು ಮಾತು ಬಂದಿದೆ: ಸುಸ್ಥಿರ ಕಾರ್ಯಾಚರಣೆ. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ಈ ವಿಚಾರವನ್ನು ಜಗತ್ತಿನ ಮುಂದಿಟ್ಟಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಇಂದಿನ ಊಟಕ್ಕಾಗಿ ನಾಳೆಯ ಬಿತ್ತನೆಯ ಬೀಜವನ್ನು ಬೇಯಿಸಬೇಡ ಎಂಬುದು. ಕಚ್ಚಾವಸ್ತು ಎಲ್ಲಿಂದ ಬಂತು, ಎಷ್ಟು ನೀರು, ಎಷ್ಟು ಸೌದೆ ಹಿಡಿಯಿತು, ಕಸ ಎಲ್ಲಿಗೆ ಹೋಯಿತು ಎಂಬುದೆಲ್ಲವನ್ನೂ ಲೆಕ್ಕಕ್ಕೆ ತರಬೇಕೆನ್ನುತ್ತದೆ ಈ ಶಾಸ್ತ್ರ. ಒಳ್ಳೆಯ ವಿಚಾರ. ಇದನ್ನು ನಾವು ಹೊರಗಿನಿಂದ ಬಂದ ಬೆಡಗೆಂದು ತಳ್ಳಿಹಾಕಬಾರದು. ಕಾರ್ಕಳದ ಅಕ್ಕಿ ಮಿಲ್ಲಿನ ಕೆಲಸಗಾರನಿಗೆ ಇದು ಹಳೆಯ ವಿಷಯ. ನೂರು ಮೂಟೆ ಭತ್ತ ಕುಟ್ಟಿದರೆ ಸುಮಾರು ಇಪ್ಪತ್ತು ಮೂಟೆ ತೂಕದ ಉಮಿ ಬರುತ್ತದೆ. ಅದೇ ಉಮಿ ಬಾಯ್ಲರಿಗೆ ಉರುವಲಾಗಿ ಮುಂದಿನ ಭತ್ತವನ್ನು ಬೇಯಿಸುತ್ತದೆ. ಗೇರಿನ ಕಾರ್ಖಾನೆಯಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ತಿರುಳು. ಉಳಿದ ಸಿಪ್ಪೆಯನ್ನು ಹಿಂಡಿ ಎಣ್ಣೆ ತೆಗೆಯುತ್ತಾರೆ, ಬಣ್ಣಕ್ಕೂ ಮೋಟಾರಿನ ಬ್ರೇಕಿಗೂ ಅದು ಬೇಕು. ಹಿಂಡಿದ ಸಿಪ್ಪೆ ಮತ್ತೆ ಒಲೆಗೆ. ಏನೂ ಪೋಲಾಗದು.

ಏನೂ ಪೋಲಾಗದು ಎಂದೆವಷ್ಟೆ. ಪೋಲಾಗುವುದು ಒಂದಿದೆ, ಅದು ಆ ಹುಡುಗಿಯ ತಾಯಿಯ ಕೈ. ಉಮಿಯ ಧೂಳು ತುಂಬಿದ ಮಿಲ್ ಕೆಲಸಗಾರನ ಎದೆ ಇನ್ನೊಂದು. ಸಿಪ್ಪೆಗೆ ಒಂದು ಬೆಲೆ ಸಿಕ್ಕಿತು, ಬೂದಿಗೂ ಗಿರಾಕಿ ಬಂದ. ಕೈಗೂ ಎದೆಗೂ ಲೆಕ್ಕದಲ್ಲಿ ಸ್ಥಳ ದೊರೆಯಲಿಲ್ಲ. ಮನುಷ್ಯನನ್ನು ಬಿಟ್ಟು ಮಾಡುವ ಸುಸ್ಥಿರ ಲೆಕ್ಕ ಅರ್ಧ ಲೆಕ್ಕ.

ಅರ್ಧ ಲೆಕ್ಕದಿಂದ ಊರಿಗೆ ಊರೇ ಹೇಗೆ ಬೆಲೆ ತೆರಬೇಕಾಗುತ್ತದೆಂಬುದಕ್ಕೆ ಕಾಪುವಿನ ಕಡೆ ನೋಡಿರಿ. ಕಾಪುವಿನ ದೀಪಸ್ತಂಭ 1901ರಿಂದ ಕಡಲಿನವರಿಗೆ ಬೆಳಕು ತೋರುತ್ತಿದೆ. ಅದೇ ತಾಲೂಕಿನ ಎಲ್ಲೂರಿನಲ್ಲಿ ನಾಡಿಗೆ ಬೆಳಕು ಕೊಡಲೆಂದು 1,200 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬಂತು. ಬೂದಿಯಿಂದ, ಉಪ್ಪುನೀರಿನ ತುಂತುರಿನಿಂದ ಬೆಳೆಗೂ ಬಾವಿಗೂ ಹಾನಿಯಾಗುತ್ತಿದೆಯೆಂದು ಸುತ್ತಲಿನ ಗ್ರಾಮಸ್ಥರು ವರ್ಷಾನುಗಟ್ಟಲೆ ದೂರಿಕೊಂಡರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ತೆರುವಂತೆ ಆದೇಶಿಸಿತು. ಈ 52 ಕೋಟಿ ಆಕಾಶದಿಂದ ಉದುರಿದ ಖರ್ಚಲ್ಲ. ಮೊದಲ ದಿನವೇ ಪುಸ್ತಕದಲ್ಲಿ ಬರೆಯಬೇಕಾಗಿದ್ದು ಬರೆಯದೆ ಬಿಟ್ಟ ಬಾಬ್ತು. ಬಿಟ್ಟ ಬಾಬ್ತು ಮಾಯವಾಗುವುದಿಲ್ಲ. ಅದು ಇನ್ನೊಬ್ಬರ ಬಾವಿಯಲ್ಲಿ, ಇನ್ನೊಬ್ಬರ ಎದೆಯಲ್ಲಿ ಹೋಗಿ ಕುಳಿತುಕೊಳ್ಳುತ್ತದೆ.

ವ್ಯಾಪಾರಿ ಬಂಧುಗಳೇ, ನಿಮ್ಮ ಅನುಭವವೂ ಬೇರೆಯಲ್ಲ. ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. 2022ರ ಜುಲೈಯಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ನಿಷೇಧ ಸರಿಯಾದದ್ದೇ. ಆದರೆ ದಂಡದ ಚೀಟಿ ಮೊದಲು ಬರುವುದು ಯಾರ ಗೂಡಂಗಡಿಗೆ? ತಯಾರಿಸಿದವನ ಗೇಟು ದೂರ, ಮಾರಿದವನ ಕಟ್ಟೆ ಹತ್ತಿರ. ಇನ್ನು ದೊಡ್ಡವರ ಮಾತು: ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳು ತಮ್ಮ ಸುಸ್ಥಿರತೆಯ ವರದಿಯನ್ನು ಪ್ರಕಟಿಸಲೇಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಒಳ್ಳೆಯದು. ಆದರೆ ಕಾರ್ಕಳದ ಗೇರುಬೀಜದ ಶೆಡ್ಡು, ಉಡುಪಿಯ ಎಣ್ಣೆ ಮಿಲ್ಲು ಆ ಸಾವಿರದಲ್ಲಿ ಬರುವುದಿಲ್ಲ. ದುಡಿಯುವವರಲ್ಲಿ ಬಹುಮಂದಿ ಇರುವುದು ಇಂಥಲ್ಲಿಯೇ. ವರದಿಯ ಬೆಳಕು ನಮ್ಮವರೆಗೆ ಬರುವುದಿಲ್ಲ.

ಹಾಗಾದರೆ ವಿದ್ಯಾಲಯಗಳಿಂದ ನಾವು ಏನು ಕೇಳಬೇಕು? ಟ್ಯಾಪ್ಮಿಯ ವಿದ್ಯಾರ್ಥಿಗಳು ಬ್ರಾಂಡ್‌ಸ್ಕ್ಯಾನ್ ಎಂಬ ಮೇಳ ನಡೆಸುತ್ತ ಬಂದಿದ್ದಾರೆ. ಆಟ ಆಡಿಸುತ್ತ ಆಡಿಸುತ್ತ, ಜನ ಯಾವ ಸಾಬೂನು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ ಎಂಬುದನ್ನು ತಿಳಿದುಕೊಳ್ಳುವ ಉಪಾಯ ಅದು. ಜಾಣ ಮಕ್ಕಳು, ನಮಗೆ ಅವರ ಮೇಲೆ ಮುನಿಸಿಲ್ಲ. ಆದರೆ ಕೊಳ್ಳುವವನ ಮನಸ್ಸನ್ನು ಇಷ್ಟು ಶ್ರದ್ಧೆಯಿಂದ ಅರಸುವ ವಿದ್ಯೆ, ದುಡಿಯುವವನ ಮೈಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬಾರದೇಕೆ?

ಆಗದ ಮಾತಲ್ಲ ಇದು. ಗುಜರಾತಿನ ಆನಂದದಲ್ಲಿ 1979ರಲ್ಲಿ ವರ್ಗೀಸ್ ಕುರಿಯನ್ನರು ಗ್ರಾಮೀಣ ಆಡಳಿತದ ಸಂಸ್ಥೆಯನ್ನು ಕಟ್ಟಿದ್ದು ಹಾಲು ಉತ್ಪಾದಕರ ಸಹಕಾರಿ ಸಂಘಗಳಿಗೆ ನಿಪುಣರನ್ನು ಒದಗಿಸಲೆಂದೇ. ಸ್ಪೇನ್ ದೇಶದ ಮೊಂಡ್ರಾಗೋನ್ ಎಂಬ ಊರಿನಲ್ಲಿ 1943ರಲ್ಲಿ ಒಬ್ಬ ಪಾದ್ರಿ ಕೆಲಸಗಾರರ ಮಕ್ಕಳಿಗಾಗಿ ಒಂದು ಸಣ್ಣ ಕಸುಬಿನ ಶಾಲೆ ತೆರೆದ. ಅಲ್ಲಿ ಕಲಿತವರೇ 1956ರಲ್ಲಿ ಸಹಕಾರಿ ಕಾರ್ಖಾನೆ ಕಟ್ಟಿದರು. ಇಂದು ಅಲ್ಲಿ ಕೆಲಸಗಾರರೇ ಒಡೆಯರಾಗಿರುವ ಹತ್ತಾರು ಸಂಸ್ಥೆಗಳಿವೆ. 1997ರಿಂದ ಅವರದೇ ವಿಶ್ವವಿದ್ಯಾಲಯವೂ ಇದೆ, ಅದರಲ್ಲಿ ವ್ಯವಹಾರ ವಿದ್ಯೆಯನ್ನು ಕಲಿಸುತ್ತಾರೆ. ನಮ್ಮ ಕಾರ್ಕಳದಲ್ಲಿಯೂ ಕದಿಕೆ ಟ್ರಸ್ಟ್ ಎಂಬ ಸಣ್ಣ ಸಂಸ್ಥೆ ನೇಕಾರರ ಸಂಘಗಳೊಡನೆ ಸೇರಿ ಉಡುಪಿ ಸೀರೆಯನ್ನು ಉಳಿಸುವ ಕೆಲಸಕ್ಕೆ ಕೈಹಾಕಿದೆ. ಯಾವ ನೇಕಾರನಿಗಾಗಿ 1925ರಲ್ಲಿ ಬ್ಯಾಂಕು ಹುಟ್ಟಿತೋ ಆ ನೇಕಾರನ ಮಗ್ಗದ ಸದ್ದನ್ನು ಇಂದು ಈ ಜಿಲ್ಲೆಯಲ್ಲಿ ಹುಡುಕಿಕೊಂಡು ಹೋಗಬೇಕಾಗಿದೆಯೆಂಬುದನ್ನು ನೆನೆದರೆ, ಈ ಕೆಲಸದ ಬೆಲೆ ತಿಳಿಯುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಸರಳ. ಒಂದು: ನಮ್ಮನ್ನು ಪ್ರಶ್ನೆ ಕೇಳಿ ಮಾಡಿದ ಸಂಶೋಧನೆಯ ಫಲ ಕನ್ನಡದಲ್ಲಿ ನಮ್ಮ ಕೈಗೆ ಮರಳಿ ಬರಬೇಕು. ಎರಡು: ಸಣ್ಣ ಮಿಲ್ಲು, ಗೇರು ಕಾರ್ಖಾನೆಗಳ ಧೂಳು, ಗಾಯ, ನೀರು, ಸೌದೆ ಇವುಗಳ ಅಧ್ಯಯನ ನಡೆಯಬೇಕು, ಸಣ್ಣ ಮಾಲಿಕನಿಗೂ ನಿಲುಕುವ ಪರಿಹಾರ ಹುಡುಕಬೇಕು. ಮೂರು: ಸಂಜೆಯ ಹೊತ್ತು ಸಣ್ಣ ವ್ಯಾಪಾರಿಗಳಿಗೆ, ಸಂಘದ ಕಾರ್ಯಕರ್ತರಿಗೆ ಲೆಕ್ಕಪತ್ರದ ತರಗತಿ ನಡೆಸಬೇಕು. ನಾಲ್ಕು: ವರ್ಷಕ್ಕೊಮ್ಮೆಯಾದರೂ ಕೆಲಸಗಾರನೊಬ್ಬ ಆ ತರಗತಿಯ ಹಲಗೆಯ ಮುಂದೆ ನಿಂತು ಪಾಠ ಹೇಳಬೇಕು.

ಬೇಡಿಕೆಯಿಟ್ಟು ಕಾದು ಕೂರುವುದು ನಮ್ಮ ದಾರಿಯಲ್ಲ. ನಮ್ಮ ಕಡೆಯಿಂದ ಆಗಬೇಕಾದ ಕೆಲಸವನ್ನು ನಾಳೆಯೇ ಆರಂಭಿಸೋಣ. ಪ್ರತಿಯೊಂದು ಮಿಲ್ಲಿನಲ್ಲಿ ನಮ್ಮ ಸಂಘ ಒಂದು ನೋಟುಪುಸ್ತಕ ಇಡಲಿ. ಯಾರ ಕೈಗೆ ಯಾವತ್ತು ಪೆಟ್ಟಾಯಿತು, ಎಷ್ಟು ದಿನ ಕೂಲಿ ಹೋಯಿತು, ಔಷಧಕ್ಕೆ ಎಷ್ಟು ಖರ್ಚಾಯಿತು, ಯಾರಿಗೆ ಕೆಮ್ಮು ಬಿಡದೆ ಕಾಡುತ್ತಿದೆ ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಅಂಗಡಿಯವರು ದಂಡ, ಕಟ್ಟೆ ಬಾಡಿಗೆ, ಸಾಲದ ಬಡ್ಡಿ ಬರೆಯಿರಿ. ಪ್ರಶ್ನೆಪತ್ರಿಕೆ ಹಿಡಿದು ವಿದ್ಯಾರ್ಥಿಗಳು ಬಂದಾಗ ಅವರಿಗೆ ಚಹಾ ಕೊಡಿರಿ, ಕೇಳಿದ್ದಕ್ಕೆಲ್ಲ ನಿಜ ಹೇಳಿರಿ. ಅನಂತರ ಈ ನೋಟುಪುಸ್ತಕವನ್ನು ಅವರ ಮುಂದಿಟ್ಟು, "ಇದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿರಿ" ಎಂದು ಹೇಳಿರಿ. ಎರಡಾಣೆ ಎರಡಾಣೆ ಕೂಡಿಸಿ ಬ್ಯಾಂಕು ಕಟ್ಟಿದ ಊರು ಇದು. ದಿನಕ್ಕೆ ಎರಡು ಸಾಲು ಬರೆಯುವುದು ನಮಗೆ ಕಷ್ಟವಾಗಲಾರದು.

ಆ ಹುಡುಗಿ ಎಲ್ಲಿದ್ದಾಳೋ ನಾವರಿಯೆವು. ಅವಳು ಸಿಕ್ಕರೆ ಹೇಳುವ ಮಾತು ಇಷ್ಟೆ: ತಾಯಿ, ಲೆಕ್ಕ ತಪ್ಪಿದ್ದು ನೀನಲ್ಲ, ಮಾಸ್ತರು. ಆ ಎಣ್ಣೆಯ ದುಡ್ಡು ಕಾರ್ಖಾನೆಯ ಖರ್ಚಿಗೆ ಸೇರಬೇಕು. ಅದನ್ನು ಸೇರಿಸಿದ ಮೇಲೆ ಉಳಿದದ್ದಕ್ಕೆ ಲಾಭವೆಂದು ಹೆಸರು.