ಬೆಳಗಾವಿಯ ಆ ಕಚೇರಿಗೆ ನಾವ್ಯಾಕೆ ಬರೆಯೋದಿಲ್ಲ?

(ಕುಪವಾಡ ಎಂಐಡಿಸಿಯಲ್ಲಿ ಕನ್ನಡ ಹುಡುಗ-ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹರೂಪ)

ಪಾಳಿ ಮುಗಿಸಿ, ಊಟಾನೂ ಮಾಡದ ಬಂದು ಕೂತೀರಿ, ಉದ್ದ ಭಾಷಣ ಮಾಡೂದಿಲ್ಲ. ನಾ ವಕೀಲ ಅಲ್ಲ. ಬಿ.ಕಾಂ. ಮಾಡಿ ಬ್ಯಾಂಕಿನ ಕೌಂಟರ್‌ನಾಗ ಕೂಡೋ ಕ್ಲರ್ಕ್. ಅದಕ್ಕ ಯಾವ ಮಾತು ಬಂದ್ರೂ ಮೊದಲು ‘ಕಾಗದ ಎಲ್ಲೈತಿ’ ಅಂತ ಕೇಳೋ ಚಟ.

ಕೆಲವು ವರ್ಷದ ಹಿಂದೆ ಅಥಣಿ ಕಡೆಯ ಒಬ್ಬ ಹುಡುಗ ಪಗಾರದ ಖಾತೆ ತೆಗೀಲಿಕ್ಕೆ ಬಂದಿದ್ದ. ಗುತ್ತಿಗೆದಾರ ಅವನ ಜೋಡಿ ಹತ್ತು-ಹನ್ನೆರಡು ಮಂದಿನ್ನ ಕರಕೊಂಡು ಬಂದಿದ್ನಂತ. ಕೈಯಾಗ ಒಂದು ಮರಾಠಿ ಕಾಗದ, ಕೆಳಗ ಅವನ ಕನ್ನಡ ಸಹಿ. “ಇದರಾಗ ಏನ್ ಬರದೈತೋ ತಮ್ಮಾ?” ಅಂದೆ. “ಗೊತ್ತಿಲ್ರಿ ಸರ್. ಮಾಡು ಅಂದ್ರು, ಮಾಡೇನಿ” ಅಂದ.

ಆಗ ನನಗೂ ಗೊತ್ತಿರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರಕಾರ, ಬೇರೆ ರಾಜ್ಯದಿಂದ ಐದು ಅಥವಾ ಹೆಚ್ಚು ಜನರನ್ನು ಕರೆತಂದ ಗುತ್ತಿಗೆದಾರ ಪ್ರತಿಯೊಬ್ಬನಿಗೂ ಫೋಟೊ ಅಂಟಿಸಿದ ಒಂದು ಪಾಸ್‌ಬುಕ್ ಕೊಡಬೇಕಿತ್ತು. ಕೂಲಿಯ ದರ, ಕಡಿತ, ಊರಿಗೆ ಮರಳುವ ಖರ್ಚು ಎಲ್ಲಾ ಅದರಲ್ಲಿ ಬರೆದಿರಬೇಕು. ಹಿಂದಿ, ಇಂಗ್ಲಿಷಿನ ಜೊತೆಗೆ ಕಾರ್ಮಿಕನ ಭಾಷೆಯಲ್ಲೂ ಇರಬೇಕು. ಅಂದ್ರ ಆ ಹುಡುಗನಿಗೆ ಕನ್ನಡದಾಗ! ಅದೇ ಕೆಲಸ ಮಾಡೋ ಸ್ಥಳೀಯರಿಗಿಂತ ಕಡಿಮೆ ಕೂಲಿ ಕೊಡಬಾರದು ಅಂತಲೂ ಇತ್ತು. ಇದನ್ನು ನೋಡ್ಕೊಳ್ಳೋಕೆ ಇನ್‌ಸ್ಪೆಕ್ಟರ್ ಇದ್ದರು. ಕಾರ್ಖಾನೆಗೆ ಹೋಗಿ ರಜಿಸ್ಟರ್ ತೆಗೆಸಿ ನೋಡಬಹುದಿತ್ತು. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಲ್ಲಿ ಕೂತವರಾಗ ಕನ್ನಡದ ಪಾಸ್‌ಬುಕ್ ಯಾರರೆ ನೋಡೀರೇನು? ಕೈ ಎತ್ರಿ.

(ಒಂದು ಕೈಯೂ ಏಳಲಿಲ್ಲ.)

2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಆ ಹಳೇ ಕಾಯ್ದೆ ಹೋಯಿತು. ನಾಲ್ವತ್ತು ವರ್ಷಕ್ಕಿಂತ ಹೆಚ್ಚು ಕಾಲ ಕನ್ನಡಕ್ಕೊಂದು ಜಾಗ ಆ ಕಾಯ್ದೆಯೊಳಗ ಇತ್ತು. ಹೋದ ದಿನ ನಮ್ಮಲ್ಲಿ ಯಾರೂ ಅಳಲಿಲ್ಲ, ಯಾಕಂದ್ರ ಇತ್ತು ಅನ್ನೋದೇ ಗೊತ್ತಿರಲಿಲ್ಲ.

ಇದು ಗಡಿ ದಾಟಿ ಬಂದವರ ಮಾತಾತು. ಜತ್ತ, ಅಕ್ಕಲಕೋಟ, ಮಿರಜ ಕಡೆಯ ನೀವು ವಲಸೆ ಬಂದವರಲ್ಲ, ಈ ನೆಲದವರು. ನಿಮಗ ಬೇರೆ ಬಾಗಿಲು ಐತಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಸಂವಿಧಾನದೊಳಗೆ 350ಎ, 350ಬಿ ಅಂತ ಎರಡು ವಿಧಿ ಸೇರಿಸಿದರು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ್ದು. ಎರಡನೆಯದರಿಂದ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಹುಟ್ಟಿತು. 1957ರಲ್ಲಿ ಕಚೇರಿ ಶುರುವಾಯಿತು. ಅದರ ಮೂರು ವಲಯ ಕಚೇರಿ ಚೆನ್ನೈ, ಕೋಲ್ಕತ್ತಾ, ಮತ್ತೆ ನಮ್ಮ ಬೆಳಗಾವಿಯಲ್ಲಿ!

ಈ ಆಯುಕ್ತರು ಏನು ಮಾಡ್ತಾರ? ದೂರು ಬಂದ್ರ ರಾಜ್ಯ ಸರಕಾರಕ್ಕ ಬರೆದು ಉತ್ತರ ಕೇಳ್ತಾರ. ವರದಿ ಮಾಡಿ ರಾಷ್ಟ್ರಪತಿಗೆ ಕಳಸ್ತಾರ, ಅದು ಸಂಸತ್ತಿನ ಮುಂದೆ ಹೋಗ್ತದ. ಇಲ್ಲಿವರೆಗೆ ಐವತ್ತಕ್ಕೂ ಹೆಚ್ಚು ವರದಿ ಬಂದಾವ. ಆದ್ರ ದಂಡ ಹಾಕೂ ಅಧಿಕಾರ ಇಲ್ಲ, ಹುಕುಂ ಹೊರಡಿಸೂ ಅಧಿಕಾರಾನೂ ಇಲ್ಲ. ನಮ್ಮ ಬ್ಯಾಂಕಿನ ಮ್ಯಾಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅದಾರ. ಗಿರಾಕಿ ಲಿಖಿತ ದೂರು ಕೊಟ್ಟು 30 ದಿನದಾಗ ಉತ್ತರ ಸಿಗಲಿಲ್ಲ ಅಂದ್ರ ಅಲ್ಲಿಗೆ ಹೋಗಬಹುದು, ಅವರು ಪರಿಹಾರ ಕೊಡಿಸ್ತಾರ. ಅದಕ್ಕ ನಮ್ಮ ಮ್ಯಾನೇಜರ್ ಹೆದರ್ತಾರ. ಭಾಷಾ ಆಯುಕ್ತರಿಗೆ ಯಾವ ಅಧಿಕಾರಿ ಹೆದರ್ತಾನ? ಸುಳ್ಳು ಭರವಸೆ ಕೊಡಲಿಕ್ಕೆ ನಾ ಬಂದಿಲ್ಲ.

ಆದರೂ ಬರೀರಿ ಅಂತೀನಿ. ಯಾಕಂದ್ರ ಆ ಆಯುಕ್ತರು ಯಾವುದರ ಮೇಲೆ ನಿಗಾ ಇಡಬೇಕೋ ಆ ಲೆಕ್ಕ ಅಂಕಿಯೊಳಗ ಐತಿ. ಒಂದು ಶಾಲೆಯಲ್ಲಿ 40, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸುವ ಶಿಕ್ಷಕರನ್ನು ಕೊಡಬೇಕು. ಇದು 1949ರಲ್ಲೇ ಶಿಕ್ಷಣ ಮಂತ್ರಿಗಳು ಒಪ್ಪಿದ್ದು. ತಾಲೂಕಿನಲ್ಲಿ ಶೇ. 15 ಜನ ಒಂದು ಭಾಷೆಯವರಿದ್ದರೆ ಮುಖ್ಯ ಕಾಯ್ದೆ, ನಿಯಮ, ಪ್ರಕಟಣೆ ಆ ಭಾಷೆಯಲ್ಲೂ ಬರಬೇಕು. ಯಾವುದೇ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು ಅಂತ 350ನೇ ವಿಧಿಯೇ ಹೇಳ್ತದೆ.

ನಮ್ಮೂರ ಕಡೆ ಒಂದು ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬಂದರು. ನಾವೇನ್ ಮಾಡಿದ್ವಿ? ಫೇಸ್‌ಬುಕ್ಕಿನಾಗ ಹಾಕಿದ್ವಿ. ಲೈಕ್ ಬಿದ್ದವು, ಜೈ ಅಂದ್ರು. ಅರ್ಜಿ ಬರೀತೀನಿ ಸಹಿ ಮಾಡ್ರಿ ಅಂದಾಗ ಬಂದವರು ನಾಕು ಪಾಲಕರು. ವರ್ಷ ಮುಗೀತು, ಮೂರನೇತ್ತೆಯಿಂದ ಆರು ಹುಡುಗರು ಮರಾಠಿ ಶಾಲೆಗೆ ಹೋದರು. ತರಗತಿಯೊಳಗ ಉಳಿದವರು ಎಂಟು. ಹತ್ತಕ್ಕಿಂತ ಕಡಿಮೆ, ಲೆಕ್ಕ ತಿಳೀತಲ್ಲ? ಆ ನಾಕರಾಗ ನನ್ನ ಸ್ವಂತ ಅಣ್ಣನ ಸಹಿ ಇರಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಬೆಳಗಾವಿಯ ಮರಾಠಿಗರು ಇದೇ ಆಯುಕ್ತರಿಗೆ ದಶಕಗಟ್ಟಲೆ ಬರಕೋತ ಬಂದಾರ. ಅಲ್ಲಿ ಅವರು ಅಲ್ಪಸಂಖ್ಯಾತರು, ಇಲ್ಲಿ ನಾವು. ಅದೇ ಶೇ. 15, ಅದೇ ವಿಧಿ. ಅಲ್ಲಿ ಅವರಿಗೆ ಬ್ಯಾಡ ಅಂದು ಇಲ್ಲಿ ನಮಗ ಕೊಡ್ರಿ ಅನ್ನಲಿಕ್ಕೆ ಬರೂದಿಲ್ಲ.

ಯಾವುದು ಎಲ್ಲಿಗೆ ಅನ್ನೋದೂ ಗೊತ್ತಿರಲಿ. ಸರಕಾರಿ ಅಥವಾ ಅನುದಾನಿತ ಕಾಲೇಜು ಭಾಷೆಯ ಕಾರಣಕ್ಕೆ ಪ್ರವೇಶ ಕೊಡಲಿಲ್ಲ ಅಂದ್ರ ಅದು 29(2)ನೇ ವಿಧಿಯ ನೇರ ಉಲ್ಲಂಘನೆ. ಅದಕ್ಕ ಹೈಕೋರ್ಟ್ ಐತಿ, 2025ರ ಆಗಸ್ಟ್‌ನಿಂದ ಕೊಲ್ಲಾಪುರದಾಗ ಪೀಠಾನೂ ಐತಿ, ಮುಂಬೈತನಕ ಹೋಗೂದು ತಪ್ಪೈತಿ. ನೌಕರಿ ಮಾತು ಬ್ಯಾರೆ. ಸರಕಾರಿ ನೌಕರಿಯ 16(2)ನೇ ವಿಧಿಯೊಳಗ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಎಲ್ಲಾ ಅದಾವ, ಭಾಷೆ ಇಲ್ಲ. ಇನ್ನ ಈ ಎಂಐಡಿಸಿಯ ಖಾಸಗಿ ಮಾಲಕ ಮರಾಠಿ ಬಾರದವ ಬ್ಯಾಡ ಅಂದ್ರ ಭಾಷಾ ಆಯುಕ್ತರಿಂದ ಏನೂ ಆಗೂದಿಲ್ಲ.

ಶಾಲೆಯ ಅರ್ಜಿಯ ಕರಡು ಟೈಪ್ ಮಾಡಿ ತಂದೀನಿ, ಒಂದು ಪ್ರತಿ ಜಿಲ್ಲಾ ಪರಿಷತ್ತಿಗೆ, ಒಂದು ಬೆಳಗಾವಿಗೆ. ಸ್ಪೀಡ್ ಪೋಸ್ಟ್‌ನ ರಸೀದಿ ಕಾಯ್ದಿಡ್ರಿ. ತಿಂಗಳಾದ ಮ್ಯಾಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಾಗ ‘ನನ್ನ ಅರ್ಜಿ ಯಾರ ಮೇಜಿನ ಮ್ಯಾಲೈತಿ’ ಅಂತ ಕೇಳೋಣ. ತರಗತಿವಾರು ಮಕ್ಕಳ ಸಂಖ್ಯೆ ಬೇಕು, ಅದಿಲ್ಲದ ಅರ್ಜಿಗೆ ಬೆಲೆ ಇಲ್ಲ. ಜತ್ತ ಕಡೆಯವರು ಹಿಂದಿನ ಸಾಲಿನ್ಯಾಗ ಕೂತೀರಿ, ಚಹಾ ಕುಡದು ಈ ಮೇಜಿನ ಹತ್ರ ಬರ್ರಿ. ಪೆನ್ನು ನನ್ನ ಹತ್ರ ಅದಾವ.